ತುಮಕೂರಲ್ಲಿ ರಾತ್ರಿ ಹಕ್ಕಿ ನೋಡೋಕೆ: ಯಾವ ಮರ, ಯಾವ ಬೆಳಕು, ಯಾವ ಕ್ಯಾಮೆರಾ

"ಗೂಬೆ ಫೋಟೊ ತೆಗೆಯೋಕೆ ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಕೇಳುವವರು ತಿಂಗಳಿಗೆ ಇಬ್ಬರಾದರೂ ಸಿಗುತ್ತಾರೆ. ಯಾವ ಮರದ ಕೆಳಗೆ ನಿಲ್ಲಲಿ ಅಂತ ಇದುವರೆಗೆ ಕೇಳಿದ್ದು ಒಬ್ಬರೇ. ಅವರ ಹತ್ತಿರ ಈಗ ನನಗಿಂತ ಒಳ್ಳೆಯ ಹಾಲಕ್ಕಿ (ಊರೊಳಗೇ ಸಿಗುವ ಚಿಕ್ಕ ಗೂಬೆ) ಫೋಟೊಗಳಿವೆ. ಕ್ಯಾಮೆರಾ ಮಾತ್ರ ಹತ್ತು ವರ್ಷ ಹಳೆಯದು.

ಹಾಗಾಗಿ ಮರದಿಂದಲೇ ಶುರು ಮಾಡುತ್ತೇನೆ. ಕ್ಯಾಮೆರಾ ವಿಚಾರ ಕೊನೆಗೆ ಬರುತ್ತದೆ. ಆತುರ ಇದ್ದವರು ಸೀದಾ ಅಲ್ಲಿಗೇ ಹೋಗಬಹುದು, ಆದರೆ ನಿಮ್ಮ ದುಡ್ಡು ಉಳಿಯುವುದು ಮೇಲಿನ ಭಾಗ ಓದಿದರೆ.

ಊರೊಳಗಿನ ಮರ, ಕೆರೆ, ತೋಟ, ಕಾಡು

ತುಮಕೂರಿನವರಿಗೆ ಒಂದು ಅನುಕೂಲ ಇದೆ. ಊರಿನ ನಡುವೆ ಅಮಾನಿಕೆರೆ ಇದೆ, ಸುತ್ತ ತೆಂಗಿನ ತೋಟಗಳಿವೆ, ಸುಮಾರು 15 ಕಿ.ಮೀ. ದೂರದಲ್ಲಿ ದೇವರಾಯನದುರ್ಗದ ಕಾಡಿದೆ. ಒಂದೇ ಸಂಜೆಯಲ್ಲಿ ಮೂರನ್ನೂ ಸುತ್ತಿಬಿಡಬಹುದು ಅನಿಸುತ್ತದೆ. ಸುತ್ತಿದರೆ ಮೂರರಲ್ಲೂ ಏನೂ ಕಾಣುವುದಿಲ್ಲ, ಅದು ಬೇರೆ ಮಾತು.

ಮೊದಲ ಆಯ್ಕೆ ಊರೊಳಗಿನ ಹಳೇ ಮರಗಳು. ಹಳೆಯ ಕಾಲೇಜು, ಕಚೇರಿ, ಪ್ರವಾಸಿ ಮಂದಿರಗಳ ಕಾಂಪೌಂಡಿನ ಹೊಂಗೆ, ಬೇವು, ಆಲ, ಮಳೆಮರ. ಇಲ್ಲಿ ಸಿಗುವುದು ಹೆಚ್ಚಾಗಿ ಹಾಲಕ್ಕಿ. ಬೆಳಗಿನ ಜಾವ ಬುಡುಬುಡಿಕೆಯವರು ಬಂದು "ಹಾಲಕ್ಕಿ ನುಡಿತೈತೆ" ಅಂತ ಹೇಳುತ್ತಿದ್ದರಲ್ಲ, ಅದೇ ಹಕ್ಕಿ. ಗೇಣುದ್ದ ಇರುತ್ತದೆ, 21 ಸೆಂಟಿಮೀಟರ್. ಬೂದು ಕಂದು ಮೈ, ಅದರ ತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ದೊಡ್ಡ ಗೂಬೆ ಕಂಡರೆ ಅಪಶಕುನ ಅನ್ನುವ ಜನವೇ ಈ ಚಿಕ್ಕ ಗೂಬೆಯ ಮಾತಿಗೆ ಅಕ್ಕಿ ಕೊಟ್ಟು ಕಳಿಸುತ್ತಾರೆ. ನನಗೆ ಇದು ಇವತ್ತಿಗೂ ತಮಾಷೆ ಅನಿಸುತ್ತದೆ.

ಹಾಲಕ್ಕಿ ಇರುವ ಮರವನ್ನು ಹಗಲಲ್ಲೇ ಹುಡುಕಬೇಕು. ಮಧ್ಯಾಹ್ನ ಒಂದು ಮರದಲ್ಲಿ ಅಳಿಲು, ಪಿಕಳಾರ, ಕಾಗೆ ಎಲ್ಲ ಸೇರಿ ಗಲಾಟೆ ಮಾಡುತ್ತಿದ್ದರೆ ಅಲ್ಲಿ ಪೊಟರೆ ಇದೆಯಾ ನೋಡಿ. ಪೊಟರೆಯ ಕೆಳಗೆ ಸುಣ್ಣ ಚೆಲ್ಲಿದಂಥ ಬಿಳಿ ಕಲೆ ಇರುತ್ತದೆ. ಇನ್ನೂ ಹತ್ತಿರ ಹೋಗಿ ನೆಲ ನೋಡಿದರೆ ಹೆಬ್ಬೆರಳ ತುದಿಯಷ್ಟು ದಪ್ಪದ ಒಣ ಉಂಡೆಗಳು ಸಿಗುತ್ತವೆ. ಅದು ಹಿಕ್ಕೆಯಲ್ಲ. ಜೀರ್ಣವಾಗದ್ದನ್ನು ಗೂಬೆ ಬಾಯಿಂದಲೇ ಉಗುಳುತ್ತದೆ. ಒಂದನ್ನು ಕಡ್ಡಿಯಿಂದ ಬಿಡಿಸಿ ನೋಡಿ. ನನಗೆ ಸಿಕ್ಕಿದ ಒಂದರಲ್ಲಿ ದುಂಬಿಗಳ ರೆಕ್ಕೆಯ ಚಿಪ್ಪು, ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ಜೊತೆಗೆ ಇಲಿಮರಿಯದ್ದೇ ಇರಬೇಕು, ಹಲ್ಲು ಸಮೇತ ಒಂದು ದವಡೆ. ಅಂಥ ಉಂಡೆ ಸಿಕ್ಕಿತು ಅಂದರೆ ಜಾಗ ಪಕ್ಕಾ. ಸಂಜೆ ಬಂದು ನಿಂತರೆ ಸಾಕು.

ಎರಡನೆಯದು ಅಮಾನಿಕೆರೆ. ಇಲ್ಲಿ ಗೂಬೆಗಿಂತ ನೀರಿನ ಅಂಚಿನ ಹಕ್ಕಿಗಳು ಜಾಸ್ತಿ. ಕತ್ತಲಾಗುವ ಹೊತ್ತಿಗೆ "ಕ್ವಾಕ್" ಅಂತ ಒಂದೇ ಸಲ ಕೂಗಿ ತಲೆ ಮೇಲೆ ಹಾರಿ ಹೋಗುವುದು ರಾತ್ರಿ ಬಕ. ಬೇರೆ ಬಕಗಳು ಮನೆಗೆ ಬರುವ ಹೊತ್ತಿಗೆ ಇದು ಡ್ಯೂಟಿಗೆ ಹೊರಡುತ್ತದೆ. ಟಿಟ್ಟಿಭ ಅಂತೂ ರಾತ್ರಿಯಿಡೀ ಯಾರ ಮೇಲಾದರೂ ಜಗಳ ತೆಗೆಯುತ್ತಲೇ ಇರುತ್ತದೆ. ಕೆರೆಯ ಲಾಭ ಏನೆಂದರೆ ನೀರಿನ ಮೇಲೆ ಊರಿನ ದೀಪದ ಬೆಳಕು ಬಿದ್ದಿರುತ್ತದೆ, ಅದರ ಮುಂದೆ ಹಕ್ಕಿ ಕಪ್ಪಗೆ ಕಾಣುತ್ತದೆ. ನಷ್ಟ ಏನೆಂದರೆ ವಾಕಿಂಗ್ ಜನ, ಗಾಡಿ ಸದ್ದು. ಜೊತೆಗೆ ಗೇಟು ಮುಚ್ಚುವ ಹೊತ್ತು, ಅದನ್ನು ಮೊದಲೇ ಕೇಳಿಕೊಳ್ಳಿ. ನನ್ನ ಪ್ರಕಾರ ಕೆರೆ ಒಳ್ಳೆಯದು ಸೂರ್ಯ ಮುಳುಗಿದ ಮೇಲಿನ ನಲವತ್ತು ನಿಮಿಷಕ್ಕೆ. ಆಮೇಲೆ ಅಲ್ಲಿರುವುದು ಸೊಳ್ಳೆ.

ಮೂರನೆಯದು ತೋಟದ ಅಂಚು. ಊರು ದಾಟಿ ಮೂರು ನಾಲ್ಕು ಕಿ.ಮೀ. ಹೋದರೆ ತೆಂಗು, ಮಾವು, ಹುಣಸೆ. ಇಲಿ ಇದ್ದಲ್ಲಿ ಕಣಜ ಗೂಬೆ ಇರುತ್ತದೆ. ಹಳೇ ಮಾವಿನ ಮರಗಳಲ್ಲಿ ಸ್ಕಾಪ್ಸ್ ಗೂಬೆ ಅನ್ನುವ ಇನ್ನೊಂದು ಚಿಕ್ಕ ಗೂಬೆ ಇರುತ್ತದೆ. ಅದು ಮರದ ತೊಗಟೆಯ ಬಣ್ಣಕ್ಕೇ ಇರುವುದರಿಂದ ಎದುರಿಗಿದ್ದರೂ ಕಾಣದು. ಇಲ್ಲಿಯ ಕಷ್ಟ ಹಕ್ಕಿಯದ್ದಲ್ಲ, ನಮ್ಮದು. ರಾತ್ರಿ ಎಂಟು ಗಂಟೆಗೆ ತೆಂಗಿನ ಮರದ ಕಡೆ ಟಾರ್ಚ್ ಬಿಡುವವನನ್ನು ಯಾರು ಸುಮ್ನೆ ಬಿಡುತ್ತಾರೆ? ಒಂದು ಸಲ ಬೇಲಿಯಾಚೆ ನಿಂತಿದ್ದೆ. ಒಳಗಿಂದ ಅಜ್ಜ ಒಬ್ಬರು ದೊಣ್ಣೆ ಹಿಡಿದು ಬಂದರು.

"ಯಾರಪ್ಪಾ ಅದು? ಈ ಹೊತ್ನಲ್ಲಿ ಮರದ್ ಮ್ಯಾಲೆ ಏನ್ ಹುಡುಕ್ತಿದ್ದೀಯ?"

"ಗೂಬೆ ನೋಡ್ತಿದ್ದೀನಿ ಅಜ್ಜಾ."

"ಗೂಬೇನಾ? ಅದನ್ನ ನೋಡಕ್ಕೆ ಪೆಟ್ರೋಲ್ ಹಾಕ್ಕಂಡ್ ಬಂದ್ಯಾ? ನಮ್ ಪಂಪ್‌ಸೆಟ್ ಮನೆ ಸೂರಲ್ಲೇ ಎರಡ್ ಅವೆ, ಬಾ."

ನಾನು ಅದುವರೆಗೆ ಕಂಡ ಅತ್ಯಂತ ಚೆಂದದ ಕಣಜ ಗೂಬೆ ಜೋಡಿ ಅದೇ. ಹೃದಯದ ಆಕಾರದ ಬಿಳಿ ಮುಖ, ಸೂರಿನ ತೊಲೆ ಮೇಲೆ ಒಂದರ ಪಕ್ಕ ಒಂದು. ಆವತ್ತಿಂದ ನಾನು ತೋಟದ ಕಡೆ ಹೋದರೆ ಮೊದಲು ಮನೆ ಬಾಗಿಲಿಗೆ ಹೋಗಿ ಹೇಳುತ್ತೇನೆ. ದೊಣ್ಣೆ ತಪ್ಪುತ್ತದೆ, ಗೂಬೆ ಸಿಗುತ್ತದೆ.

ನಾಲ್ಕನೆಯದು ದೇವರಾಯನದುರ್ಗ, ನಾಮದ ಚಿಲುಮೆ ಕಡೆಯ ಕಾಡು. ಎಲ್ಲರ ಕಣ್ಣೂ ಇದರ ಮೇಲೆಯೇ. ಬಂಡೆಗಳ ಬೆಟ್ಟ, ಕುರುಚಲು ಕಾಡು, ಹುಲ್ಲು. ಕೊಂಬಿನ ಗೂಬೆಗೆ ಹೇಳಿ ಮಾಡಿಸಿದ ಜಾಗ. ದೂರದ ಬಂಡೆಯಿಂದ "ಬೂ... ಬೋಓ" ಅಂತ ಎರಡು ಸಲ ದಪ್ಪ ದನಿ ಬಂದರೆ ಅದೇ. ನೆಲದ ಮೇಲೆ ಕೂರುವ ನತ್ತಿಂಗಗಳೂ (ನೈಟ್‌ಜಾರ್) ಇವೆ. ಆದರೆ ಇದು ಚಿರತೆ, ಕರಡಿ ಓಡಾಡುವ ಕಾಡು. ಕತ್ತಲಾದ ಮೇಲೆ ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ರಸ್ತೆ ಬದಿ ಬೈಕ್ ನಿಲ್ಲಿಸಿ "ಎರಡೇ ನಿಮಿಷ" ಅಂತ ಪೊದೆಯೊಳಗೆ ನುಗ್ಗುವುದು ಧೈರ್ಯವೇನೂ ಅಲ್ಲ. ಹೋಗಲೇಬೇಕು ಅಂದರೆ ಅನುಮತಿ ಪಡೆದು, ಜಾಗ ಗೊತ್ತಿರುವ ಸಿಬ್ಬಂದಿ ಜೊತೆ ಹೋಗಿ. ಇಲ್ಲವೇ ಸೂರ್ಯ ಮುಳುಗುವ ಮುಂಚೆ ಹೋಗಿ, ಕತ್ತಲು ಕವಿಯುವಷ್ಟರಲ್ಲಿ ವಾಪಸ್ ಹೊರಡಿ. ಆ ಸಂಧಿಕಾಲದಲ್ಲೇ ಗೂಬೆಗಳು ಬಂಡೆ ಮೇಲೆ ಬಂದು ಕೂರುವುದು ಜಾಸ್ತಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯನ್ನೂ ಕೆಲವರು ಹೇಳುತ್ತಾರೆ, ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ. 798 ಎಕರೆ ಹುಲ್ಲುಗಾವಲು. ನೆಲದ ಹಕ್ಕಿಗಳಿಗೆ ಚೆನ್ನ. ಆದರೆ ಅಲ್ಲಿಗೂ ಅನುಮತಿ ಬೇಕು, ತುಮಕೂರಿಂದ ದೂರ ಬೇರೆ. ಹೊಸಬರಿಗೆ ಬೇಡ.

ನನ್ನ ತೀರ್ಮಾನ ಕೇಳಿದರೆ: ಮೊದಲ ಒಂದು ವರ್ಷ ಊರೊಳಗಿನ ಒಂದೇ ಮರ. ಬೇಸರವಾಗುತ್ತದೆ, ಗೊತ್ತು. ಆದರೆ ಆ ಮರದ ಹಾಲಕ್ಕಿ ಎಷ್ಟು ಗಂಟೆಗೆ ಹೊರಬರುತ್ತದೆ, ಮೊದಲು ಯಾವ ವೈರ್ ಮೇಲೆ ಕೂರುತ್ತದೆ, ಯಾವ ದೀಪದ ಕಂಬಕ್ಕೆ ಹೋಗುತ್ತದೆ ಅನ್ನುವುದು ನಿಮಗೆ ಬಾಯಿಪಾಠ ಆಗಿರುತ್ತದೆ. ಕಾಡಿನಲ್ಲಿ ಒಂದು ವರ್ಷ ತಿರುಗಿದರೂ ಇದು ಸಿಗುವುದಿಲ್ಲ.

ತಿರುಗುವುದಾ, ಕೂರುವುದಾ

ತಿರುಗಿದರೆ ಬೇರೆ ಬೇರೆ ಹಕ್ಕಿ ಕಾಣುತ್ತವೆ, ಕೂತರೆ ಒಂದೇ ಹಕ್ಕಿ ಚೆನ್ನಾಗಿ ಕಾಣುತ್ತದೆ. ಫೋಟೊ ಬೇಕಾದವರು ಕೂರಬೇಕು. ಪಟ್ಟಿ ಬೇಕಾದವರು ತಿರುಗಲಿ. ನಡುವೆ ಒಂದು ಎಚ್ಚರಿಕೆ: ನತ್ತಿಂಗ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಎರಡು. ಬೇಸಿಗೆಯಲ್ಲಿ ದಾರಿ ಬಿಟ್ಟು ಕುರುಚಲಿನಲ್ಲಿ ಓಡಾಡಿದರೆ ಯಾವ ಹೆಜ್ಜೆ ಕೆಳಗೆ ಏನಿದೆ ಗೊತ್ತಾಗುವುದಿಲ್ಲ. ಕೊಳಕುಮಂಡಲವೂ ಅದೇ ನೆಲದಲ್ಲಿ ಇರುತ್ತದೆ. ಕಾಲಿಗೆ ಬೂಟು, ಜೊತೆಗೆ ಇನ್ನೊಬ್ಬರು, ಇವೆರಡು ಇಲ್ಲದೆ ಹೊರಡಬೇಡಿ.

ಕಣ್ಣಿಗಿಂತ ಮುಂಚೆ ಕಿವಿ

ರಾತ್ರಿ ಹಕ್ಕಿಯಲ್ಲಿ ಹತ್ತರಲ್ಲಿ ಎಂಟನ್ನು ನಾವು ಕೇಳುತ್ತೇವೆ, ಎರಡನ್ನು ನೋಡುತ್ತೇವೆ. ನತ್ತಿಂಗದ ಕೂಗು ಕಲಿಯಲು ಒಂದು ಉಪಾಯ ಹೇಳುತ್ತೇನೆ. ಕಲ್ಲಿನ ನೆಲದ ಮೇಲೆ ಒಂದು ಗೋಲಿ ಬೀಳಿಸಿ. ಟಕ್... ಟಕ್.. ಟಕ್ ಟಕ್ ಟಕಟಕರ್‌ರ್. ಇಷ್ಟೇ. ಸ್ಕಾಪ್ಸ್ ಗೂಬೆ ಕಪ್ಪೆಯ ಥರ "ವಕ್?" ಅಂತ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ. ಕಣಜ ಗೂಬೆಯದು ಕಿರುಚಾಟ, ಮೊದಲ ಸಲ ಕೇಳಿದವರು ಎದ್ದು ಲೈಟ್ ಹಾಕುತ್ತಾರೆ. ಹಾಲಕ್ಕಿಗಳು ಜೋಡಿಯಾಗಿ "ಚಿರುರ್ ಚಿರುರ್, ಚಿವಕ್ ಚಿವಕ್" ಅಂತ ಮನೆ ಜಗಳದ ಥರ ಮಾತಾಡುತ್ತವೆ.

ಕಲಿಯಲು ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ಸಂಸ್ಥೆಯದು, ಪುಕ್ಕಟೆ. ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಆದರೆ ಅದು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಜೀರುಂಡೆ, ಕಪ್ಪೆ, ದೂರದ ಮದುವೆ ಮನೆಯ ಸ್ಪೀಕರ್ ನಡುವೆ ಅದಕ್ಕೂ ತಲೆ ಕೆಡುತ್ತದೆ. ಹೆಸರು ತೋರಿಸಿದರೆ ಒಂದು ಸುಳಿವು ಅಂದುಕೊಳ್ಳಿ, ಆಮೇಲೆ ನಿಮ್ಮ ಕಿವಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸ. ಕಾಯುವುದಕ್ಕೆ ಹೋಲಿಸಿದರೆ ಇದು ಬೇಗ ಕೆಲಸ ಕೊಡುತ್ತದೆ, ಸುಳ್ಳು ಹೇಳುವುದಿಲ್ಲ. ಹಾಲಕ್ಕಿ ಐದು ನಿಮಿಷದಲ್ಲಿ ಬಂದುಬಿಡುತ್ತದೆ, ತನ್ನ ಜಾಗಕ್ಕೆ ಬೇರೆಯವನು ಬಂದ ಅಂತ. ಬೇಟೆ ಬಿಟ್ಟು, ಮರಿ ಬಿಟ್ಟು ಬರುತ್ತದೆ. ದೊಡ್ಡ ಗೂಬೆಗಳು ಚಿಕ್ಕ ಗೂಬೆಗಳನ್ನು ಹಿಡಿದು ತಿನ್ನುವುದುಂಟು. ಹಾಗಿರುವಾಗ ಬಯಲಿಗೆ ಕರೆದು ಕೂರಿಸುವುದು ಅದಕ್ಕೆ ಒಳ್ಳೆಯದಲ್ಲ ಅಲ್ವಾ? ನಾನು ಬಿಟ್ಟಿದ್ದೇನೆ.

ಬೆಳಕು: ಇಲ್ಲೇ ಎಲ್ಲ ತಪ್ಪುಗಳೂ ಆಗುವುದು

ನನ್ನ ಮೊದಲ ತಪ್ಪು ಫ್ಲ್ಯಾಶ್. ಒಂದು ಹೊಂಗೆ ಮರದ ಪೊಟರೆ, ಒಳಗೆ ಮರಿಗಳಿದ್ದವು. ತಾಯಿಯೋ ತಂದೆಯೋ, ಬಾಯಲ್ಲಿ ಮಿಡತೆ ಹಿಡಿದು ಪಕ್ಕದ ಕೊಂಬೆಗೆ ಬಂತು. ನಾಲ್ಕು ಫ್ಲ್ಯಾಶ್ ಹೊಡೆದೆ. ಹಕ್ಕಿ ಹಾರಿ ಎದುರಿನ ಕರೆಂಟ್ ವೈರ್ ಮೇಲೆ ಕೂತಿತು. ಮಿಡತೆ ಇನ್ನೂ ಬಾಯಲ್ಲೇ. ಒಳಗೆ ಮರಿಗಳು "ಸ್‌ಸ್... ಸ್‌ಸ್" ಅನ್ನುತ್ತಿದ್ದವು. ಐದು ನಿಮಿಷ, ಹತ್ತು ನಿಮಿಷ. ಅದು ತಲೆಯನ್ನು ಮೇಲೆ ಕೆಳಗೆ ಆಡಿಸಿ ನನ್ನನ್ನೇ ನೋಡುತ್ತಿತ್ತು. ಅರ್ಧ ಗಂಟೆ ಆದರೂ ಪೊಟರೆಗೆ ಬರಲಿಲ್ಲ. ಕೊನೆಗೆ ಬ್ಯಾಗ್ ಎತ್ತಿಕೊಂಡು ರಸ್ತೆ ದಾಟಿ ನಿಂತೆ. ನಾನು ಆಚೆ ಹೋದ ಒಂದೇ ನಿಮಿಷಕ್ಕೆ ಒಳಗೆ ಹೋಯಿತು. ಆ ನಾಲ್ಕು ಫೋಟೊ ಇನ್ನೂ ಇವೆ, ನಾಲ್ಕರಲ್ಲೂ ಕಣ್ಣು ಸುಟ್ಟ ಬಲ್ಬಿನ ಥರ.

ಕತ್ತಲಿಗೆ ಅರಳಿದ ಕಣ್ಣಿಗೆ ಹತ್ತಿರದ ಫ್ಲ್ಯಾಶ್ ಅಂದರೆ ಕೆಲ ಹೊತ್ತು ಕುರುಡು. ಗೂಬೆಗೆ ನಮ್ಮ ಹಾಗೆ ಕಣ್ಣುಗುಡ್ಡೆ ತಿರುಗಿಸಲು ಬರುವುದಿಲ್ಲ. ಅದಕ್ಕೇ ಕತ್ತನ್ನು 270 ಡಿಗ್ರಿವರೆಗೆ ತಿರುಗಿಸುತ್ತದೆ. ನೀವು ಬೆಳಕು ಬಿಟ್ಟರೆ ಅದು ಹಾರಬೇಕು, ಇಲ್ಲ ಪೂರ್ತಿ ತಲೆ ಆಚೆ ಹಾಕಬೇಕು. ಗೂಡಿನ ಹತ್ತಿರ ಫ್ಲ್ಯಾಶ್ ಬೇಡವೇ ಬೇಡ, ಇದರಲ್ಲಿ ಚರ್ಚೆ ಇಲ್ಲ. ಗೂಬೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ ಅನ್ನುವುದು ನೆನಪಿರಲಿ.

ಬಿಳಿ ಟಾರ್ಚ್ ಮತ್ತು ಕೆಂಪು ಟಾರ್ಚ್ ನಡುವೆ ಕೆಂಪೇ ಮೇಲು, ಅದೂ ಮೊದಲು ನಿಮ್ಮ ಒಳ್ಳೆಯದಕ್ಕೆ. ನಮ್ಮ ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಬಿಳಿ ಟಾರ್ಚ್ ಕಡೆ ನೋಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಮಂದ ಕೆಂಪು ಬೆಳಕಿನಲ್ಲಿ ಹಾಗಾಗುವುದಿಲ್ಲ. ಇದಕ್ಕೆ ಅಂಗಡಿಯ ದುಬಾರಿ ಟಾರ್ಚ್ ಬೇಕಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಜೆಲಾಟಿನ್ ಕಾಗದ ಸಿಗುತ್ತದೆ, ಎರಡು ಪದರ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಆದರೆ ಒಂದು ಮಾತು. ಕೆಂಪು ಬೆಳಕಿನಲ್ಲಿ ನಡೆಯಬೇಡಿ. ನೆಲದ ಮೇಲಿನ ಹಾವು ಆ ಬೆಳಕಿನಲ್ಲಿ ಒಣ ಎಲೆಯ ಜೊತೆ ಬೆರೆತು ಹೋಗುತ್ತದೆ. ನಡೆಯುವಾಗ ಬಿಳಿ ಟಾರ್ಚ್, ನೆಲದ ಕಡೆಗೆ. ನಿಂತ ಮೇಲೆ ಕೆಂಪು. ಜೇಬಲ್ಲಿ ಎರಡೂ ಇರಲಿ.

ನತ್ತಿಂಗ ಹುಡುಕಲು ಮಾತ್ರ ಮಂದ ಟಾರ್ಚನ್ನು ಹಣೆಯ ಹತ್ತಿರ ಹಿಡಿದು ಮಣ್ಣಿನ ದಾರಿಯುದ್ದಕ್ಕೂ ಒಂದು ಸಲ ಹಾಯಿಸಬೇಕು. ಅದರ ಕಣ್ಣು ಬೀಡಿ ಕೆಂಡದ ಹಾಗೆ ಹೊಳೆಯುತ್ತದೆ. ಟಾರ್ಚ್ ಸೊಂಟದ ಹತ್ತಿರ ಹಿಡಿದರೆ ಆ ಹೊಳಪು ನಿಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ, ಅದಕ್ಕೇ ಹಣೆ. ಹುಲ್ಲಿನಲ್ಲಿ ಸಣ್ಣ ಸಣ್ಣ ಹಸಿರು ಮಿಣುಕು ಕಂಡರೆ ಅವು ಜೇಡಗಳು. ಕೆಂಡ ಕಂಡ ತಕ್ಷಣ ಬೆಳಕನ್ನು ಪಕ್ಕಕ್ಕೆ ಸರಿಸಿ. ಕಾದ ರಸ್ತೆ ಮೇಲೆ ಕೂರುವ ಹಕ್ಕಿ ಅದು. ಕಣ್ಣು ಕುಕ್ಕಿದರೆ ಅಲ್ಲೇ ಕೂತಿರುತ್ತದೆ, ಹಿಂದಿನಿಂದ ಗಾಡಿ ಬರುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯ ಬೆಳಕು ಬೀದಿ ದೀಪ. ಊರು ಆಗಲೇ ಕರೆಂಟ್ ಬಿಲ್ ಕಟ್ಟಿದೆ, ಹಕ್ಕಿಗೂ ಅದು ಅಭ್ಯಾಸ ಆಗಿದೆ. ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದ ಸಂಜೆ ಹೊರಗೆ ಬನ್ನಿ. ದೀಪದ ಸುತ್ತ ಮಳೆಹುಳ ಮುತ್ತಿರುತ್ತವೆ, ಕೆಳಗೆ ರಸ್ತೆ ತುಂಬ ಉದುರಿದ ರೆಕ್ಕೆ. ಹಾಲಕ್ಕಿ ವೈರಿಂದ ಇಳಿದು ನೆಲದ ಮೇಲೆ ಕೋಳಿಮರಿ ಥರ ಓಡಾಡುತ್ತದೆ. ಒಂದು ಹುಳ ಕುಕ್ಕುವುದು, ಎರಡು ಹೆಜ್ಜೆ ಓಡುವುದು, ನಿಂತು ಸುತ್ತ ನೋಡುವುದು, ಮತ್ತೆ ಕುಕ್ಕುವುದು. ಅದರ ಉದ್ದ ಕಾಲು ನೀವು ಸರಿಯಾಗಿ ನೋಡುವುದು ಆವತ್ತೇ. ವರ್ಷಕ್ಕೆ ಇಂಥ ಮೂರು ನಾಲ್ಕು ಸಂಜೆ ಸಿಗಬಹುದು. ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಬೈನಾಕ್ಯುಲರ್

ಇದು ಕ್ಯಾಮೆರಾಗಿಂತ ಮೊದಲು. 10×42 ಬೇಡ, 8×42 ತಗೊಳ್ಳಿ. ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಲೆಕ್ಕ ಸುಲಭ: ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 8×42ರಲ್ಲಿ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 5.25 ಮಿ.ಮೀ., 10×42ರಲ್ಲಿ 4.2 ಮಾತ್ರ. ಹಗಲಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಸಂಜೆ ಏಳಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. 7×50ರಲ್ಲಿ ಅದು 7 ದಾಟುತ್ತದೆ. ಕತ್ತಲಲ್ಲಿ ಪಾಪೆ ಅಷ್ಟು ಅಗಲ ಅರಳುವುದು ಹರೆಯದವರಿಗೆ. ನನ್ನಂಥ ಐವತ್ತು ದಾಟಿದವರಿಗೆ ಸುಮಾರು 5 ಮಿ.ಮೀ. ಮಿಕ್ಕ ಬೆಳಕು ಪೋಲು, ಭಾರ ಮಾತ್ರ ಕುತ್ತಿಗೆಗೆ.

ಕ್ಯಾಮೆರಾ, ಕೊನೆಗೂ

ಬೀದಿ ದೀಪದ ಕೆಳಗೆ ಹಾಲಕ್ಕಿ, ನಿಮಗೂ ಅದಕ್ಕೂ 10 ಮೀಟರ್. ಈ ಒಂದು ಸಂದರ್ಭ ಇಟ್ಟುಕೊಂಡು ನೋಡೋಣ.

ಸಾಮಾನ್ಯ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್, ಅದಕ್ಕೆ ಅಗ್ಗದ 300 ಮಿ.ಮೀ. ಜೂಮ್, ಎಫ್ 5.6 (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). ಹಕ್ಕಿ ಚೌಕಟ್ಟಿನ ಎತ್ತರದ ಶೇಕಡಾ 40ರಷ್ಟು ತುಂಬುತ್ತದೆ. ಆದರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ, 6400ಕ್ಕೆ ಏರಿಸಿದರೂ ಷಟರ್ ತೆರೆದಿರಬೇಕಾದ ಹೊತ್ತು ಸೆಕೆಂಡಿನ 30ನೇ ಒಂದು ಭಾಗದ ಆಸುಪಾಸು. ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ. ಅದೇ ಕ್ಯಾಮೆರಾಗೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ, ಷಟರ್ 300ನೇ ಒಂದು ಭಾಗಕ್ಕೆ ಹೋಗುತ್ತದೆ. ಆದರೆ ಹಕ್ಕಿ ಚೌಕಟ್ಟಿನ ಶೇಕಡಾ 7 ಮಾತ್ರ.

ಎಲ್ಲರೂ ಮೊದಲನೆಯದನ್ನೇ ಆರಿಸುತ್ತಾರೆ. ನಾನು ಈಗೀಗ ಎರಡನೆಯದರ ಕಡೆ ವಾಲಿದ್ದೇನೆ. ಹಕ್ಕಿ ಚಿಕ್ಕದಾದರೇನು? ದೀಪದ ಕಂಬ, ಒದ್ದೆ ರಸ್ತೆ, ಮುಚ್ಚಿದ ಚಹಾ ಅಂಗಡಿ, ವೈರ್ ಮೇಲೊಂದು ಉಂಡೆಯಂಥ ಹಕ್ಕಿ. ಇದು ತುಮಕೂರಿನ ಹಾಲಕ್ಕಿ ಅಂತ ಫೋಟೊ ನೋಡಿದರೇ ಗೊತ್ತಾಗುತ್ತದೆ. ಕಪ್ಪು ಹಿನ್ನೆಲೆಯ ಮುಖದ ಫೋಟೊ ಯಾವ ಊರಿನದಾದರೂ ಆಗಿರಬಹುದು. ಇದು ನನ್ನ ಅಭಿರುಚಿ, ನಿಮ್ಮದು ಬೇರೆ ಇದ್ದರೆ ಟ್ರೈಪಾಡಿಗೆ ದುಡ್ಡು ಎತ್ತಿಡಿ. ಟ್ರೈಪಾಡ್ ಬೇಡ ಅಂದರೆ ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ಎರಡು ಸೇರು ರಾಗಿ ತುಂಬಿ ಇನ್ನೊಂದು ತುದಿ ಹೊಲಿಯಿರಿ. ಕಾಂಪೌಂಡ್ ಗೋಡೆ ಮೇಲೆ, ಬೈಕ್ ಸೀಟಿನ ಮೇಲೆ ಇದಕ್ಕಿಂತ ಗಟ್ಟಿಯಾಗಿ ಲೆನ್ಸ್ ಹಿಡಿಯುವ ಸಾಧನ ನಾನು ಕಂಡಿಲ್ಲ. ಗೂಬೆ ಕೂತರೆ ಕಲ್ಲಿನ ಹಾಗೆ ಕೂರುತ್ತದೆ, 15ನೇ ಒಂದು ಭಾಗದಲ್ಲೂ ಚಿತ್ರ ಬರುತ್ತದೆ. ಹತ್ತು ತೆಗೆದರೆ ಎರಡು ಉಳಿಯುತ್ತವೆ, ಅಷ್ಟು ಸಾಕು.

ಲೆನ್ಸ್ ಬದಲಿಸಲು ಬಾರದ, ಉದ್ದ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳನ್ನು ಬಹಳ ಜನ ಕೇಳುತ್ತಾರೆ, ನಿಕಾನ್ ಪಿ950 ಥರದ್ದು. ಅದು 2000 ಮಿ.ಮೀ.ಗೆ ಸಮನಾದ ಜೂಮ್ ಕೊಡುತ್ತದೆ. ಹಗಲಿಗೆ ಅದ್ಭುತ. ಆದರೆ ಒಳಗಿನ ಸೆನ್ಸರ್ ಕಿರುಬೆರಳ ಉಗುರಿಗಿಂತಲೂ ಚಿಕ್ಕದು, ಪೂರ್ತಿ ಜೂಮಿನಲ್ಲಿ ಎಫ್ 6.5. ಕತ್ತಲಾದರೆ ಹಕ್ಕಿಯ ಬದಲು ರವೆ ಉಪ್ಪಿಟ್ಟು ಕಾಣುತ್ತದೆ. ರಾತ್ರಿಗೆಂದೇ ಕೊಳ್ಳುವುದಾದರೆ ಬೇಡ. ಹುಣ್ಣಿಮೆ ಚಂದ್ರ ಮಾತ್ರ ಚೆನ್ನಾಗಿ ಬರುತ್ತಾನೆ.

ಮೊಬೈಲ್? ನೈಟ್ ಮೋಡ್ ಕೆಲ ಸೆಕೆಂಡುಗಳ ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ, ಕದಲದೆ ಕೂತ ಗೂಬೆಗೆ ಅದು ಆಗುತ್ತದೆ. ಬೈನಾಕ್ಯುಲರನ್ನು ಗೋಡೆ ಮೇಲಿಟ್ಟು ಅದರ ಕಣ್ಣಿಗೆ ಮೊಬೈಲ್ ಒತ್ತಿ ಹಿಡಿದರೆ ಗುರುತಿಗೆ ಸಾಕಾಗುವ ಫೋಟೊ ಬರುತ್ತದೆ. ಲೊಕೇಶನ್ ಆಫ್ ಮಾಡಿರಿ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಗೂಬೆ ಹಿಡಿಯುವವರಿದ್ದಾರೆ. ಪೊಟರೆ ಎಲ್ಲಿದೆ ಅಂತ ನೀವೇ ಹೇಳಿಕೊಡುವುದು ಬೇಡ.

ಯಾವ ಕ್ಯಾಮೆರಾ ಆದರೂ ಎರಡು ಕೆಲಸ ಮನೆಯಲ್ಲೇ ಮಾಡಿ. ಫೋಕಸ್‌ಗೆ ಸಹಾಯ ಮಾಡಲು ಮುಂದಿನಿಂದ ಬರುವ ಪುಟ್ಟ ದೀಪ ಆರಿಸಿ, ಹಿಂದಿನ ಪರದೆಯ ಬೆಳಕು ಕಡಿಮೆ ಮಾಡಿ. ಸೈಲೆಂಟ್ ಷಟರ್ ಇದ್ದರೆ ಹಾಕಿಕೊಳ್ಳಬಹುದು, ಆದರೆ ಹೊಸ ಎಲ್‌ಇಡಿ ಬೀದಿ ದೀಪಗಳಲ್ಲಿ ಹಲವು ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಷಟರ್ ವೇಗ ಜಾಸ್ತಿ ಇದ್ದರೆ ಫೋಟೊ ತುಂಬ ಅಡ್ಡಪಟ್ಟೆ. 100 ಅಥವಾ 50ನೇ ಒಂದು ಭಾಗಕ್ಕೆ ಇಳಿಸಿದರೆ ಹೋಗುತ್ತದೆ.

ನೈಟ್ ವಿಷನ್, ಥರ್ಮಲ್

ಆನ್‌ಲೈನಲ್ಲಿ ನೋಡಿ ಒಂದು ನೈಟ್ ವಿಷನ್ ತರಿಸಿದ್ದೆ. ಡಬ್ಬದ ಮೇಲೆ 300 ಮೀಟರ್ ಅಂತ ಇತ್ತು. ನನ್ನ ಮನೆ ಮಹಡಿಯಿಂದ 20 ಮೀಟರ್ ಆಚೆಯ ಬೇವಿನ ಮರವೇ ಸರಿಯಾಗಿ ಕಾಣಲಿಲ್ಲ. ಈಗ ಅದು ಅಳಿಯನ ಮಗನ ಆಟದ ಸಾಮಾನು. ಕೊಳ್ಳುವುದಾದರೆ ಅದರ ಇನ್‌ಫ್ರಾರೆಡ್ ದೀಪ 850 ನ್ಯಾನೊಮೀಟರಿನದಾ, 940ರದ್ದಾ ಕೇಳಿ. 850 ದೂರ ಹೋಗುತ್ತದೆ, ಆದರೆ ದೀಪ ಮಂದವಾಗಿ ಕೆಂಪಗೆ ಕಾಣುತ್ತದೆ. 940 ಕಾಣುವುದಿಲ್ಲ, ದೂರವೂ ಹೋಗುವುದಿಲ್ಲ.

ಥರ್ಮಲ್ ಬೇರೆ ಜಾತಿ. ಅದು ಮೈ ಬಿಸಿ ನೋಡುತ್ತದೆ, ಬೆಳಕೇ ಬೇಡ. ಹಕ್ಕಿ ಎಲ್ಲಿದೆ ಅಂತ ಹೇಳುತ್ತದೆ, ಯಾವ ಹಕ್ಕಿ ಅಂತ ಹೇಳುವುದಿಲ್ಲ. ಎಲೆಯ ಹಿಂದಿದ್ದರೆ ಅದೂ ಇಲ್ಲ. ಹಕ್ಕಿಗೆ ತೊಂದರೆ ಕೊಡದೆ ಹುಡುಕಲು ಇದಕ್ಕಿಂತ ಒಳ್ಳೆಯದಿಲ್ಲ, ಬೆಲೆ ಮಾತ್ರ ಕ್ಯಾಮೆರಾ ಮಟ್ಟದ್ದು. ನಮ್ಮ ಕಡೆಯ ಇನ್ನೊಂದು ತಾಪತ್ರಯ: ಬೇಸಿಗೆಯಲ್ಲಿ ಬಂಡೆಗಳು ಹಗಲಿಡೀ ಕಾದು ರಾತ್ರಿ ಒಂಬತ್ತರವರೆಗೂ ಬಿಸಿ ಉಗುಳುತ್ತವೆ. ಅದರ ಮೇಲೆ ಕೂತ ಕೊಂಬಿನ ಗೂಬೆ ಬಂಡೆಯ ಜೊತೆಗೇ ಬೆರೆತು ಹೋಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಲು ಆಗುವವರಿಗೆ ಮಾತ್ರ ದುಡ್ಡು ಸಾರ್ಥಕ.

ಅಮಾವಾಸ್ಯೆಯಾ, ಹುಣ್ಣಿಮೆಯಾ

ನತ್ತಿಂಗಗಳು ಕಣ್ಣಿನಿಂದ ಬೇಟೆಯಾಡುವುದರಿಂದ ಬೆಳದಿಂಗಳಲ್ಲಿ ಚುರುಕು. ಕೂಗು ಕೇಳಲು, ನೆರಳು ನೋಡಲು ಹುಣ್ಣಿಮೆಯ ಹಿಂದು ಮುಂದಿನ ನಾಲ್ಕು ದಿನ ಚೆನ್ನ. ಬೀದಿ ದೀಪದ ಫೋಟೊಗೆ ಯಾವ ದಿನವಾದರೂ ಒಂದೇ.

ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ. ಹಾಲಕ್ಕಿ ಹೊರಬರುವುದೂ ಆಗಲೇ. ಒಂದು ಲೆಕ್ಕ ಹಾಕಿದ್ದೇನೆ: ಸುಮಾರು 24 ಮೀಟರ್ ದೂರದಿಂದ ನೋಡಿದರೆ ಗೇಣುದ್ದದ ಹಾಲಕ್ಕಿ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ, ವೃತ್ತದೊಳಗೆ ಸರಿಯಾಗಿ ಕೂರುತ್ತದೆ. ಫ್ಲ್ಯಾಶ್ ಬೇಡ, ಟಾರ್ಚ್ ಬೇಡ, ಅಗ್ಗದ ಜೂಮ್ ಸಾಕು. ಬೇಕಾಗಿರುವುದು ಪೂರ್ವಕ್ಕೆ ತೆರೆದ ವೈರ್, ಅಲ್ಲಿ ಕೂರುವ ಅಭ್ಯಾಸ ಇರುವ ಹಕ್ಕಿ, 24 ಮೀಟರ್ ಹಿಂದೆ ನಿಲ್ಲಲು ಜಾಗ. ಎರಡು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ. ಹೋದ ಸಲ ಎಲ್ಲ ಕೂಡಿ ಬಂದಿತ್ತು. ಚಂದ್ರ ವೈರ್ ಮುಟ್ಟುವುದಕ್ಕೆ ಎರಡು ನಿಮಿಷ ಇದ್ದಾಗ ಪಕ್ಕದ ಮನೆಯವರು ಮಹಡಿಗೆ ಬಟ್ಟೆ ತೆಗೆಯಲು ಬಂದರು. ಹಾಲಕ್ಕಿ ಹಾರಿ ಹೋಯಿತು. "ಏನ್ ಸಾರ್, ಚಂದ್ರನ ಫೋಟೊನಾ?" ಅಂದರು. ಹೌದು ಅಂದೆ.